ನಾಲ್ಕನೇ ಜ್ವರ

ನಮ್ಮ ಕಡೆ ರೇಷ್ಮೆ ಹುಳುವಿಗೆ ಜ್ವರ ಬರುತ್ತದೆ. ನಿಜವಾದ ಜ್ವರವಲ್ಲ. ಹುಳು ಬೆಳೆಯುತ್ತಾ ಮೈಮೇಲಿನ ಚರ್ಮ ಬಿಗಿಯಾದಾಗ ಅದು ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತುಬಿಡುತ್ತದೆ. ಹಾಗೇ ಕೂತಿದ್ದು, ಹಳೆಯ ಚರ್ಮ ಕಳಚಿ ಏಳುತ್ತದೆ. ಪುಸ್ತಕಗಳಲ್ಲಿ ಇದಕ್ಕೆ ಪೊರೆ ಬಿಡುವುದು ಎಂದು ಬರೆದಿರುತ್ತಾರೆ. ನಾವು ಜ್ವರ ಎನ್ನುತ್ತೇವೆ. ಒಂದು ಹುಳುವಿನ ಆಯಸ್ಸಿಗೆ ಇಂಥವು ನಾಲ್ಕು. ನಾಲ್ಕನೆಯದರಿಂದ ಎದ್ದ ಹುಳು ಒಂದು ವಾರ ಬಿಡುವಿಲ್ಲದೆ ಹಿಪ್ಪುನೇರಳೆ ಸೊಪ್ಪು ತಿಂದು, ಮೈ ಹಳದಿಗೆ ತಿರುಗಿ ಹಣ್ಣಾಗಿ, ಗೂಡು ಕಟ್ಟುತ್ತದೆ. ಚನ್ನಪಟ್ಟಣದಲ್ಲಿ ಬೆಳೆಯುತ್ತಿರುವ ನನ್ನ ಇಬ್ಬರು ಮೊಮ್ಮಕ್ಕಳಾದ ನಿಮಗೆ ಇದು ಗೊತ್ತಿರಲಾರದು ಎಂದು ಮೊದಲೇ ಹೇಳುತ್ತಿದ್ದೇನೆ. ನನ್ನ ಜೊತೆ ಊರಿನಲ್ಲೇ ಬೆಳೆದ ನಿಮ್ಮ ಅಕ್ಕನಿಗೆ, ಅಂದರೆ ನನ್ನ ಮಗನ ಮಗಳಿಗೆ, ಅಕ್ಷರ ಬರುವ ಮುಂಚೆಯೇ ಇದೆಲ್ಲ ಗೊತ್ತಿತ್ತು. ಈಗ ಬರೆಯುತ್ತಿರುವುದು ಅವಳ ವಿಷಯ. ಅವಳಿಗೆ ಆಗ ಏಳು ವರ್ಷ.

ಉಯ್ಯಂಬಳ್ಳಿ ಕಡೆಯ ನಮ್ಮ ಊರಿನ ಸರ್ಕಾರಿ ಶಾಲೆಗೆ ಆ ವರ್ಷ ಯಾರೋ ಪುಣ್ಯಾತ್ಮರು ಒಂದು ಪೆಟ್ಟಿಗೆ ತುಂಬ ಚಿತ್ರದ ಪುಸ್ತಕ ಕಳಿಸಿದ್ದರು. ಎಲ್ಲ ಚೀನಾ ದೇಶದ ಜನಪದ ಕಥೆಗಳಿಂದ ಮಾಡಿದವು, ಕನ್ನಡದಲ್ಲಿದ್ದವು. ಪುಟಕ್ಕೆ ಎರಡು ಸಾಲು ಅಕ್ಷರ, ಮಿಕ್ಕಿದ್ದೆಲ್ಲ ಬಣ್ಣ. ಒಂದೊಂದು ಮಗುವೂ ವಾರಕ್ಕೊಂದು ಪುಸ್ತಕ ಮನೆಗೆ ತರಬಹುದು, ಹರಿಯದೆ ವಾಪಸು ಕೊಡಬೇಕು ಎಂದು ಮೇಡಂ ಹೇಳಿದ್ದರಂತೆ. ನಿಮ್ಮ ಅಕ್ಕ ತಂದ ಪುಸ್ತಕವನ್ನು ಮೊದಲು ನನ್ನ ಮಡಿಲಲ್ಲಿ ಇಡುತ್ತಿದ್ದಳು. "ಓದಜ್ಜಿ, ನಿಧಾನಕ್ಕೆ ಓದು, ಚಿತ್ರ ನೋಡ್ಕೋಬೇಕು" ಎನ್ನುತ್ತಿದ್ದಳು.

ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ, ಏಳನೇ ತರಗತಿವರೆಗೆ. ಓದುವುದು ಬರುತ್ತದೆ, ಆದರೆ ಬೇರೆಯವರ ಎದುರು ದನಿ ಏಳುವುದಿಲ್ಲ. ಮೊದಲಿನಿಂದಲೂ ಹಾಗೇ. ನಿಮ್ಮ ತಾತ ಇದ್ದಾಗ ಮನೆಗೆ ಬಂದವರ ಜೊತೆ ಮಾತಾಡುವುದೆಲ್ಲ ಅವರದೇ ಆಗಿತ್ತು. ಅವರು ಹೋದ ಮೇಲೆ ನನ್ನ ಮಾತು ಇನ್ನೂ ಕಡಿಮೆಯಾಯಿತು. ಹಾಗಾಗಿ ಹುಳುಮನೆಯ ಪಕ್ಕದ ಜಗಲಿಯಲ್ಲಿ ನಾವಿಬ್ಬರೇ ಕೂತು ಓದುತ್ತಿದ್ದೆವು. ಸೊಸೆ ಆ ಕಡೆ ಬಂದರೆ ನನ್ನ ದನಿ ಇಳಿಯುತ್ತಿತ್ತು, ಮಗ ಬಂದರೆ ನಿಂತೇಹೋಗುತ್ತಿತ್ತು.

ಮಗನಿಗೆ ಇದೊಂದು ತಮಾಷೆ. ಒಂದು ಪುಸ್ತಕದಲ್ಲಿ ಮುದುಕನೊಬ್ಬ ಮನೆಯ ಮುಂದಿನ ಬೆಟ್ಟವನ್ನೇ ಅಗೆದು ಸರಿಸಲು ಹೊರಡುತ್ತಾನೆ. ಮಗ ನಮ್ಮ ಹಿಂದೆ ನಿಂತು ಇಣುಕಿ ನೋಡಿದ.

"ಈ ಮುದುಕುಂಗೆ ಕ್ವಾರಿ ಲೈಸೆನ್ಸು ಯಾರು ಕೊಟ್ರಂತವ್ವ?"

"ಅಪ್ಪ, ನೀನು ಸುಮ್ಕಿರು. ಅಜ್ಜಿ ನಿಲ್ಲಿಸ್ಬುಟ್ಟಳು ನೋಡು."

"ಚೀನಾದೋರು ರೇಷ್ಮೆ ಕಳ್ಸಿ ನಮ್ ರೇಟು ಇಳ್ಸಿದ್ದು ಸಾಲ್ದು ಅಂತ ಈಗ ಕತೆ ಕಳ್ಸವ್ರೆ. ಓದ್ಕಳಿ, ಓದ್ಕಳಿ" ಎಂದು ಅವನು ಸೊಪ್ಪಿನ ಹೊರೆ ಎತ್ತಿಕೊಂಡು ಒಳಗೆ ಹೋದ.

ಆ ಚಿತ್ರಗಳು ನನಗೂ ಬಹಳ ಇಷ್ಟವಾಗಿದ್ದವು. ಅವರ ಮೋಡಗಳು ಸುರುಳಿ ಸುರುಳಿಯಾಗಿರುತ್ತವೆ. ಅವರ ಹಿಪ್ಪುನೇರಳೆ ನಮ್ಮದರ ಹಾಗೆ ಕತ್ತರಿಸಿ ಕತ್ತರಿಸಿ ಮೊಣಕಾಲೆತ್ತರಕ್ಕೆ ಬಿಟ್ಟ ಗಿಡವಲ್ಲ, ಹುಣಸೆ ಮರದಷ್ಟು ದೊಡ್ಡದು. ಹೆಂಗಸರು ಏಣಿ ಹಾಕಿ ಸೊಪ್ಪು ಕೀಳುತ್ತಾರೆ. ನನಗಿಂತ ವಯಸ್ಸಾದ ಹೆಂಗಸೊಬ್ಬಳು ಏಣಿಯ ಮೇಲಿದ್ದಳು. ಅವಳನ್ನು ನೋಡಿ, ನಾನು ಇಡೀ ಆಯಸ್ಸು ಬಗ್ಗಿಯೇ ಸೊಪ್ಪು ಕತ್ತರಿಸಿದೆನಲ್ಲ ಎನ್ನಿಸಿತು.

ಆ ಏಣಿಯ ಚಿತ್ರ ಇದ್ದ ಪುಸ್ತಕವೇ ಮುಂದೆ ಆದದ್ದಕ್ಕೆಲ್ಲ ಕಾರಣವಾಯಿತು. ಕಥೆ ಚಿಕ್ಕದು. ಒಬ್ಬ ಹುಡುಗಿ, ಅವಳ ಅಪ್ಪ ದೂರ ದೇಶಕ್ಕೆ ಹೋಗಿರುತ್ತಾನೆ, ಮನೆಯಲ್ಲಿ ಅವಳು ಮತ್ತು ಒಂದು ಬಿಳಿ ಕುದುರೆ ಮಾತ್ರ. ಅಪ್ಪನ ನೆನಪಾಗಿ ಹುಡುಗಿ ಆಟಕ್ಕೆ ಕುದುರೆಗೆ ಹೇಳುತ್ತಾಳೆ: ನಮ್ಮಪ್ಪನನ್ನು ಕರೆದುಕೊಂಡು ಬಾ, ನಿನ್ನನ್ನೇ ಮದುವೆಯಾಗುತ್ತೇನೆ. ಕುದುರೆ ಹಗ್ಗ ಕಿತ್ತುಕೊಂಡು ಓಡಿಹೋಗಿ ಅಪ್ಪನನ್ನು ಕರೆತರುತ್ತದೆ. ಆಮೇಲೆ ಹುಡುಗಿಯನ್ನು ಕಂಡಾಗಲೆಲ್ಲ ಕೆನೆಯುತ್ತದೆ, ಮೇವು ಮುಟ್ಟುವುದಿಲ್ಲ. ವಿಷಯ ತಿಳಿದ ಅಪ್ಪ ಸಿಟ್ಟಿನಿಂದ ಕುದುರೆಯನ್ನು ಕೊಂದು ಅದರ ಚರ್ಮ ಬಿಸಿಲಿಗೆ ಹರವುತ್ತಾನೆ. ಒಂದು ದಿನ ಗಾಳಿ ಎದ್ದು ಆ ಚರ್ಮ ಹಾರಿ ಬಂದು ಹುಡುಗಿಯನ್ನು ಸುತ್ತಿಕೊಂಡು ಒಯ್ಯುತ್ತದೆ. ಊರವರು ಹುಡುಕಿಕೊಂಡು ಹೋದರೆ ಅವಳು ಹಿಪ್ಪುನೇರಳೆ ಮರದಲ್ಲಿ ಸಿಗುತ್ತಾಳೆ, ಹುಳುವಾಗಿ, ಸೊಪ್ಪು ತಿನ್ನುತ್ತಾ. ಅದಕ್ಕೇ ರೇಷ್ಮೆ ಹುಳುವಿನ ತಲೆ ಕುದುರೆಯ ತಲೆಯ ಹಾಗಿದೆ ಎಂದು ಕಥೆ ಹೇಳುತ್ತದೆ. ಕೊನೆಯ ಪುಟದಲ್ಲಿ ಮರದ ಕೆಳಗೆ ಜನ ನುಣುಪಾದ ಬಟ್ಟೆ ಉಟ್ಟು ನಗುತ್ತಿರುತ್ತಾರೆ.

ಓದಿ ಮುಗಿಸಿದ ಮೇಲೆ ನಿಮ್ಮ ಅಕ್ಕ ನನ್ನನ್ನು ಹುಳುಮನೆಗೆ ಎಳೆದುಕೊಂಡು ಹೋದಳು. ಹುಳುವಿಗೆ ಸೋಂಕು ತಗುಲದಿರಲೆಂದು ಬಾಗಿಲಲ್ಲಿ ಹಾಕಿದ್ದ ಬ್ಲೀಚಿಂಗ್ ಪುಡಿ ತುಳಿದು ಒಳಗೆ ಹೋಗಿ, ತಟ್ಟೆಯ ಮೇಲೆ ಬಗ್ಗಿ ನೋಡಿದೆವು. ಆಗ ಹುಳು ಮೂರನೇ ಜ್ವರ ಕಳೆದು ಎದ್ದಿದ್ದವು. ಒಂದು ಹುಳು ಕತ್ತು ಕೊಂಕಿಸಿ ತಲೆ ಎತ್ತಿತು. ಉದ್ದ ಮುಖ, ಕೆಳಗೆ ಬಾಗಿದ ಮೂತಿ. ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ, ಅದು ಕುದುರೆಯಂತಿದೆ ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ.

"ಹೌದಲ್ಲ ಮಗ, ಕುದುರೆನೇಯ" ಎಂದೆ.

"ಇದ್ರೊಳಗೆ ಆ ಹುಡುಗಿ ಇನ್ನೂ ಅವಳಾ?"

"ಅವಾಗ ಇದ್ಳು. ಇವೆಲ್ಲ ಅವಳ ಮಕ್ಕಳು ಮರಿ."

ಅವಳು ಹುಳು ಸೊಪ್ಪು ತಿನ್ನುವುದನ್ನೇ ನೋಡುತ್ತಾ ನಿಂತಿದ್ದಳು.

ಅದಕ್ಕಿಂತ ಮುಂಚೆ, ಹಿಂದಿನ ಬೆಳೆಯ ಗೂಡು ಮಾರಲು ಮಗ ರಾಮನಗರದ ಮಾರ್ಕೆಟ್ಟಿಗೆ ಹೊರಟಾಗ ಅವಳೂ ಹಟ ಹಿಡಿದು ಜೊತೆಗೆ ಹೋಗಿದ್ದಳು. ಹರಾಜು ಮುಗಿದ ಮೇಲೆ ಅವನು ಅವಳಿಗೆ, ಗೂಡು ಕೊಂಡವರ ಮನೆಯಲ್ಲೇ ನೂಲು ತೆಗೆಯುವುದನ್ನು ತೋರಿಸಿ ಬಂದಿದ್ದ. ಕುದಿಯುವ ನೀರಿನ ತೊಟ್ಟಿಯಲ್ಲಿ ಗೂಡು ಕುಣಿಯುತ್ತಿದ್ದವಂತೆ, ಎಳೆ ಮೇಲೇಳುತ್ತಿತ್ತಂತೆ. "ಒಳಗಡೆ ಹುಳ ಇಲ್ವಾ?" ಎಂದು ಇವಳು ಕೇಳಿದ್ದಕ್ಕೆ ಆ ಮನೆಯ ಸಾಬರ ಹೆಂಗಸು ಇವಳ ಕೆನ್ನೆ ತಟ್ಟಿ, "ಅದು ನಿದ್ದೆ ಮಾಡ್ತಾ ಇದೆ ಬೇಟಾ, ಅದಕ್ಕೆ ಏನೂ ಗೊತ್ತಾಗಲ್ಲ" ಎಂದು ಹೇಳಿ ಬಿಸ್ಕತ್ತು ಕೊಟ್ಟಿದ್ದಳಂತೆ. ಇದನ್ನು ಮನೆಗೆ ಬಂದು ನಮಗೆ ನಗುತ್ತಲೇ ಹೇಳಿದ್ದಳು. ಆಗ ಅವಳಿಗೆ ಕುದುರೆಯ ಕಥೆ ಗೊತ್ತಿರಲಿಲ್ಲ.

ಪುಸ್ತಕ ಓದಿ ಕೆಲವು ದಿನಕ್ಕೆ ಅವಳಿಗೆ ಜ್ವರ ಬಂತು. ಇದು ನಿಜವಾದ ಜ್ವರ. ಶಾಲೆಯಿಂದ ಬಂದವಳು ಚೀಲ ಬಿಚ್ಚದೆ ಜಗಲಿಯಲ್ಲಿ ಮಲಗಿಬಿಟ್ಟಳು. ಮುಟ್ಟಿದರೆ ಮೈ ಕಾದ ಕಾವಲಿ. ಸೊಸೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಬೆವರು ಬರುತ್ತದೆಂದು ಕತ್ತಿಗೆ, ಬೆನ್ನಿಗೆ ಪೌಡರ್ ಹಾಕಿದಳು. ಅಲ್ಲಿಯತನಕ ಕಣ್ಣು ಮುಚ್ಚಿ ಮಲಗಿದ್ದ ಹುಡುಗಿ ಪೌಡರ್ ಮೈಮೇಲೆ ಬಿದ್ದ ಕೂಡಲೇ ಎದ್ದು ಕೂತು ಚೀರಿದಳು. ಎರಡು ಕೈಯಿಂದ ಬಳಿದು ಬಳಿದು ಒರೆಸಿಕೊಂಡಳು. ಸೊಸೆಗೂ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಕಾವಿಗೆ ಕನವರಿಸುತ್ತಿದೆ ಎಂದುಕೊಂಡೆವು.

ಹುಳು ಜ್ವರಕ್ಕೆ ಕೂತಾಗ ತಟ್ಟೆಯ ಮೇಲೆ ನಾವು ಸುಣ್ಣದ ಪುಡಿ ಉದುರಿಸುತ್ತೇವೆ. ಅವುಗಳ ಸೊಪ್ಪಿನ ಹಾಸಿಗೆ ಒಣಗಲಿ ಎಂದು, ಒಂದು ಬೇಗ ಎದ್ದು ಇನ್ನೊಂದು ತಡವಾಗದಿರಲಿ ಎಂದು. ಬೆಳ್ಳಗೆ, ನುಣ್ಣಗೆ, ಥೇಟ್ ಪೌಡರಿನ ಹಾಗೆ. ಆ ಹೊತ್ತಿಗೆ ಇದು ನಮ್ಮ ತಲೆಗೆ ಬರಲಿಲ್ಲ.

ಅದೇ ದಿನ ಹುಳುಮನೆಯಲ್ಲಿ ಹುಳುವೂ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಮಗ ಅಂಗಳದಲ್ಲಿ ನಿಂತು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದ. ಅವನ ದನಿ ದೊಡ್ಡದು, ಒಳಗೆಲ್ಲ ಕೇಳುತ್ತದೆ.

"ಹೂ ಕಣ್ಲಾ, ನಾಲ್ಕನೇ ಜ್ವರ. ಕೂತೈತೆ. ಇವತ್ತು ಏನೂ ತಿನ್ಸಂಗಿಲ್ಲ. ಎದ್ಮೇಲೆ ಒಂದ್ವಾರ ಚೆನ್ನಾಗ್ ತಿನ್ಸದು, ಹಣ್ಣಾಯ್ತದೆ, ಆಮೇಲೆ ರಾಮನಗರಕ್ಕೆ ಸಾಗ್ಸದೇಯ."

ಮಲಗಿದ್ದ ಮಗು ಕಣ್ಣು ಬಿಟ್ಟು ಮಾಡಿನ ಕಡೆ ನೋಡುತ್ತಿತ್ತು. ನಾನು ಪಕ್ಕದಲ್ಲೇ ಕೂತಿದ್ದೆ. ಆ ಮಾತು ಅವಳ ಕಿವಿಗೆ ಹೇಗೆ ಬಿತ್ತೆಂದು ನನಗೆ ತಿಳಿದದ್ದು ಮರುದಿನ.

ಮಾತ್ರೆಗೆ ಜ್ವರ ಇಳಿಯಿತು. ಬೆಳಿಗ್ಗೆ ಹಣೆ ತಣ್ಣಗಿತ್ತು. ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಆದರೆ ಅವಳು ಏನೂ ತಿನ್ನಲಿಲ್ಲ. ಇಡ್ಲಿ ಮಾಡಿದರೆ ಬೇಡ, ಹಾಲು ಬೇಡ, ಅವಳಿಗೆ ಪ್ರಾಣವಾದ ಮಾವಿನ ಹಣ್ಣು ಹೆಚ್ಚಿ ಕೊಟ್ಟರೂ ಬೇಡ. ತುಟಿ ಬಿಗಿದುಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಸೊಸೆ ಬಲವಂತವಾಗಿ ಒಂದು ತುತ್ತು ತುರುಕಿದಳು. ಅದನ್ನು ಹೊರಗೆ ಉಗಿದಳು. ಹುಳು ಎದ್ದಿದ್ದವು, ಅವಕ್ಕೆ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು, ಈ ವಾರ ತಪ್ಪಿದರೆ ಬೆಳೆ ಹೋಯಿತು. ಮಗನೂ ಸೊಸೆಯೂ ತೋಟಕ್ಕೂ ಹುಳುಮನೆಗೂ ಓಡಾಡುತ್ತಾ ಆಗಾಗ ಬಂದು ಬಾಗಿಲಲ್ಲಿ ಇಣುಕುತ್ತಿದ್ದರು. "ತಿಂದಳಾ ಅತ್ತೆ?" ಎಂದು ಸೊಸೆ ಕೇಳುವಳು. ನಾನು ತಲೆ ಅಲ್ಲಾಡಿಸುವೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಹೋಗುವಳು.

ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ನಿಮ್ಮ ಅಕ್ಕ ನನ್ನ ಕೈ ಹಿಡಿದು ಎಳೆದಳು. ನಾನು ಬಗ್ಗಿ ಕಿವಿ ಕೊಟ್ಟೆ.

"ಅಜ್ಜಿ, ನಂಗಿದು ನಾಲ್ಕನೇದು ಅಲ್ವಾ?"

"ಏನು ನಾಲ್ಕನೇದು ಮಗ?"

"ಜ್ವರ. ಚಿಕ್ಕೋಳಿದ್ದಾಗ ಎರಡು ಬಂದಿತ್ತಂತೆ, ಅಮ್ಮ ಹೇಳವಳೆ. ಒಂದನೇ ಕ್ಲಾಸಲ್ಲಿ ಒಂದು. ಈಗ ಇದು."

ನಾನು ನಕ್ಕುಬಿಟ್ಟೆ. "ಅಯ್ಯೋ ಹುಚ್ಚಿ, ನಿಂಗೆಷ್ಟು ಜ್ವರ ಬಂದಿಲ್ಲ? ನೆಗಡಿ ಜ್ವರ, ಕೆಮ್ಮು ಜ್ವರ, ಮಳೇಲಿ ನೆಂದು ಒಂದು. ಲೆಕ್ಕನೇ ಇಲ್ಲ."

"ಅವು ಲೆಕ್ಕಕ್ಕಿಲ್ಲ. ಅವಾಗ ನಾನು ಊಟ ಮಾಡ್ತಿದ್ದೆ. ಊಟ ಬಿಟ್ಟಿದ್ದು ಮಾತ್ರ ಲೆಕ್ಕ."

ನನ್ನ ನಗು ನಿಂತುಹೋಯಿತು. ಹುಳು ಸಾಕುವ ಮನೆಯಲ್ಲಿ ಬೆಳೆದ ಮಗುವಿನ ಲೆಕ್ಕ ಅದು. ಅದರಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

"ಚಿಕ್ಕೋಳಿದ್ದಾಗ ಬಂದಿದ್ದು ನಿಂಗೆ ಜ್ಞಾಪಕನೇ ಇಲ್ವಲ್ಲ. ಅದ್ಯಾಕೆ ಸೇರಿಸ್ತೀಯ?"

"ಅವು ಚಾಕಿ ಜ್ವರ ಅಜ್ಜಿ" ಎಂದಳು, ನನಗೆ ತಿಳಿಯದ್ದನ್ನು ತಿಳಿಸುವವಳಂತೆ. ನಾವು ಮರಿ ಹುಳುವನ್ನು ಚಾಕಿ ಕೇಂದ್ರದಿಂದ ತರುವಾಗ ಅವು ಎರಡು ಜ್ವರ ಕಳೆದೇ ಬಂದಿರುತ್ತವೆ. ಅವನ್ನು ಮನೆಯಲ್ಲಿ ಯಾರೂ ಕಂಡಿರುವುದಿಲ್ಲ, ಆದರೂ ಲೆಕ್ಕಕ್ಕೆ ಹಿಡಿಯುತ್ತೇವೆ. "ನಾವು ನೋಡ್ದೆ ಇದ್ರೂ ಆಗಿರ್ತದೆ."

"ಸರಿ, ಇರ್ಲಿ. ಅದಕ್ಯಾಕೆ ಊಟ ಬಿಟ್ಟೆ? ಜ್ವರ ಬಿಡ್ತಲ್ಲ. ಹುಳನೂ ಜ್ವರ ಬಿಟ್ಮೇಲೆ ತಿನ್ತವೆ."

"ತಿಂದ್ರೆ ಹಣ್ಣಾಯ್ತೀನಿ."

ಅಷ್ಟೇ ಹೇಳಿದಳು. ಮತ್ತೆ ಗೋಡೆಯ ಕಡೆ ತಿರುಗಿದಳು. ಹಣ್ಣಾದ ಮೇಲೆ ಗೂಡು. ಗೂಡಾದ ಮೇಲೆ ರಾಮನಗರ. ರಾಮನಗರದಲ್ಲಿ ಕುದಿಯುವ ನೀರು, ಅದಕ್ಕೇನೂ ಗೊತ್ತಾಗಲ್ಲ ಬೇಟಾ ಎಂಬ ಮಾತು. ಅವಳು ಹೇಳದೇ ಬಿಟ್ಟಿದ್ದೆಲ್ಲ ನನ್ನ ಕಣ್ಣ ಮುಂದೆ ಸಾಲಾಗಿ ಬಂದು ನಿಂತಿತು. ತಿನ್ನದ ಹುಳು ಹಣ್ಣಾಗುವುದಿಲ್ಲ, ಇದು ನಿಜ. ಅದು ಏನಾಗುತ್ತದೆ ಎಂಬುದೂ ನನಗೆ ಗೊತ್ತು. ಸಪ್ಪೆಯಾಗಿ ತಟ್ಟೆಯ ಅಂಚಿಗೆ ಸರಿದು ಬಿದ್ದ ಹುಳುವನ್ನು ಆಯ್ದು ಗೊಬ್ಬರದ ಗುಂಡಿಗೆ ಹಾಕಿದ ಕೈ ಇದೇ. ಅದನ್ನು ಅವಳಿಗೆ ಹೇಳುವಂತಿರಲಿಲ್ಲ.

ಸಂಜೆ ಮಗನಿಗೆ, ಸೊಸೆಗೆ ವಿಷಯ ತಿಳಿಸಿದೆ. ಮಗ ಮೊದಲು ನಂಬಲಿಲ್ಲ. ಆಮೇಲೆ ಮಗಳ ಹಾಸಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಮೈಯೆಲ್ಲ ಸೊಪ್ಪಿನ ವಾಸನೆ.

"ಅದು ಕತೆ ಕಣವ್ವ. ಯಾರೋ ಚೀನಾದಲ್ಲಿ ಕೂತು ಕಟ್ಟಿದ್ದು. ಬರೀ ಸುಳ್ಳು."

"ಜ್ವರ ಸುಳ್ಳಾ?"

"ಜ್ವರ ನಿಜ. ಕತೆ ಸುಳ್ಳು."

"ಗೂಡು ಬೇಯ್ಸಾದು ಸುಳ್ಳಾ?"

ಅವನು ನನ್ನ ಮುಖ ನೋಡಿದ. ನಾನು ಸೊಸೆಯ ಮುಖ ನೋಡಿದೆ. "ಅದು ಹುಳ ಅಲ್ವೇನವ್ವ, ನೀನು ಮನುಸಿ" ಎಂದ.

"ಆ ಹುಡ್ಗಿನೂ ಮನುಸಿನೇ."

ಅವನು ಎದ್ದು ಹೊರಗೆ ಹೋದ. ಅಂಗಳದಲ್ಲಿ ನಿಂತು ಆ ಪುಸ್ತಕ ಎಲ್ಲಿ, ಒಲೆಗೆ ಹಾಕಿಬಿಡುತ್ತೇನೆ ಎಂದ. ಶಾಲೆಯದು, ಹಾಗೆಲ್ಲ ಮಾಡಬೇಡ ಎಂದು ಸೊಸೆ ಅದನ್ನು ಕಸಿದು ಬಚ್ಚಿಟ್ಟಳು. ಅವರಿಬ್ಬರೂ ಹುಳುಮನೆಗೆ ಹೋದ ಮೇಲೆ ನಾನು ಅದನ್ನು ತೆಗೆದು ಮತ್ತೆ ಮೊದಲಿನಿಂದ ಓದಿದೆ. ಎಲ್ಲಾದರೂ ಒಂದು ಸಾಲು ಸಿಕ್ಕೀತು, ಅದನ್ನು ತೋರಿಸಿ ಅವಳಿಗೆ ಧೈರ್ಯ ಹೇಳಬಹುದು ಎಂಬ ಆಸೆ. ಪುಸ್ತಕದಲ್ಲಿ ಕುದಿಯುವ ನೀರು ಇರಲೇ ಇಲ್ಲ. ಹುಡುಗಿ ಮರದಲ್ಲಿ ಕೂತಿದ್ದಾಳೆ, ಮುಂದಿನ ಪುಟದಲ್ಲಿ ಜನ ಬಟ್ಟೆ ಉಟ್ಟಿದ್ದಾರೆ. ನಡುವಿನದನ್ನು ಬರೆದವರು ಬಿಟ್ಟಿದ್ದಾರೆ. ಮಕ್ಕಳಿಗೆ ಬೇಡವೆಂದು ಬಿಟ್ಟಿರಬೇಕು. ಬೇರೆ ಊರಿನ ಮಗುವಿಗೆ ಅದು ಸಾಕಾಗುತ್ತಿತ್ತೋ ಏನೋ.

ಮಾರನೆಯ ದಿನ ಅವಳು ನಿಲ್ಲಲಾರದಷ್ಟು ಸೋತಿದ್ದಳು. ತುಟಿ ಒಣಗಿ ಬಿರಿದಿತ್ತು. ಒಬ್ಬರಾದರೂ ಹುಳುವಿನ ಹತ್ತಿರ ಇರಲೇಬೇಕಾಗಿದ್ದರಿಂದ ಸೊಸೆ ಉಳಿದಳು. ಮಗ ಮಗುವನ್ನು ಹೆಗಲ ಮೇಲೆ ಹಾಕಿಕೊಂಡ, ನಾನು ಫ್ಲಾಸ್ಕು, ಬಟ್ಟೆ ಹಿಡಿದುಕೊಂಡೆ, ಕನಕಪುರದ ಆಸ್ಪತ್ರೆಗೆ ಹೋದೆವು. ಡಾಕ್ಟರು ವಯಸ್ಸಿನ ಹೆಂಗಸು, ಒಳ್ಳೆಯವರು. ಎದೆ ನೋಡಿದರು, ಹೊಟ್ಟೆ ಒತ್ತಿದರು, ಗಂಟಲಿಗೆ ಟಾರ್ಚ್ ಬಿಟ್ಟರು. ರಕ್ತ ತೆಗೆದು ನೋಡಿದರು.

"ವೈರಲ್ ಜ್ವರ ಅಷ್ಟೇ, ಹೋಗಿದೆ. ಎಲ್ಲ ಸರಿ ಇದೆ. ಯಾಕೆ ತಿಂತಿಲ್ಲ ಇವಳು?"

ಮಗ ನನ್ನ ಕಡೆ ನೋಡಿದ. ಹೇಳಬೇಕಾದವಳು ನಾನು. ಕೋಣೆಯಲ್ಲಿ ನರ್ಸ್ ಇದ್ದಳು, ಬಾಗಿಲಲ್ಲಿ ಮುಂದಿನ ಚೀಟಿಯವರು ನಿಂತಿದ್ದರು. ಇಷ್ಟು ಜನರ ಮುಂದೆ ನಾನು ಯಾವತ್ತೂ ಮಾತಾಡಿದವಳಲ್ಲ. ಸೆರಗಿನ ತುದಿ ಹಿಡಿದುಕೊಂಡು ಹೇಳಿದೆ. ಚೀನಾದ ಕಥೆಯಿಂದ ಶುರು ಮಾಡಿ, ಕುದುರೆ, ಚರ್ಮ, ಜ್ವರ, ಪೌಡರ್, ಎಲ್ಲ ಹೇಳಿದೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಡಾಕ್ಟರು ನಗಲಿಲ್ಲ, ಪೂರ್ತಿ ಕೇಳಿದರು. ಆಮೇಲೆ ಮಗುವಿನ ಗಲ್ಲ ಹಿಡಿದು, "ಮನುಷ್ಯರು ಹುಳ ಆಗಲ್ಲ ಪುಟ್ಟಿ. ನಾನು ಡಾಕ್ಟರ್ ಹೇಳ್ತಿದೀನಲ್ಲ" ಎಂದರು.

ಅವಳು ಅವರನ್ನೇ ನೋಡಿದಳು. "ನೀವು ಹುಳ ಸಾಕಿದೀರಾ?"

"ಇಲ್ಲಪ್ಪ."

ಅವಳು ನನ್ನ ಕಡೆ ತಿರುಗಿ ನನ್ನ ಸೀರೆಯಲ್ಲಿ ಮುಖ ಹುದುಗಿಸಿದಳು. ಡಾಕ್ಟರು ಗ್ಲೂಕೋಸ್ ಹಾಕಲು ಹೇಳಿದರು. "ಸಂಜೆಯೊಳಗೆ ಬಾಯಲ್ಲಿ ಏನಾದ್ರೂ ತಗೊಂಡ್ರೆ ಮನೆಗೆ ಕಳಿಸ್ತೀನಿ. ಇಲ್ಲದಿದ್ರೆ ಮೂಗಿನಿಂದ ನಳಿಕೆ ಹಾಕಿ ಹೊಟ್ಟೆಗೆ ಬಿಡಬೇಕಾಗುತ್ತೆ. ಅವಳಿಗೆ ಅದು ಬೇಡ ಅಂತ ನಂಗೂ ಅನ್ಸುತ್ತೆ. ನೀವು ಮಾತಾಡಿ ಅಜ್ಜಿ" ಎಂದರು.

ಮಗನಿಗೆ ಊರಿನಿಂದ ಫೋನ್ ಬಂತು. ಸೊಪ್ಪು ತೀರಿದೆ, ಸೊಸೆ ಒಬ್ಬಳಿಂದಲೇ ಆಗುತ್ತಿಲ್ಲ. ಅವನು ಹೋಗಲೋ ಬೇಡವೋ ಎಂದು ವಾರ್ಡಿನ ಬಾಗಿಲಲ್ಲಿ ನಿಂತ. ಇಲ್ಲಿ ನಿಂತು ಏನು ಮಾಡುತ್ತೀಯ, ಹೋಗು ಎಂದೆ. "ಸಂಜಿಕೆ ಬತ್ತೀನಿ ಕಣವ್ವ" ಎಂದು ಹೋದ. ಅವನು ಮೆಟ್ಟಿಲಿಳಿಯುವುದನ್ನು ಕಿಟಕಿಯಿಂದ ನೋಡಿದೆ. ಮಗುವಿಗೆ ತಿನ್ನಿಸಲಾಗದೆ ಹುಳುವಿಗೆ ತಿನ್ನಿಸಲು ಹೋಗುತ್ತಿದ್ದ. ಹೋಗದೆ ಬೇರೆ ದಾರಿ ಇರಲಿಲ್ಲ.

ನರ್ಸ್ ಒಂದು ಬಟ್ಟಲಲ್ಲಿ ಗಂಜಿ ಇಟ್ಟು ಹೋದಳು. ಮಾತಾಡಿ ಎಂದು ಎಲ್ಲರೂ ಹೇಳುತ್ತಾರೆ. ಏನು ಮಾತಾಡುವುದು? ಕಥೆ ಸುಳ್ಳು ಎಂದರೆ ಅವಳು ಕೇಳುವುದಿಲ್ಲ. ಬೇಯಿಸುವುದಿಲ್ಲ ಎಂದರೆ ನೋಡಿ ಬಂದಿದ್ದಾಳೆ. ಹೊಸ ಕಥೆ ಕಟ್ಟಲು ನನಗೆ ಬರುವುದಿಲ್ಲ, ಬರೆದದ್ದನ್ನು ಓದುವುದಷ್ಟೇ ಬರುತ್ತದೆ. ಬಾಟಲಿಯಿಂದ ಹನಿ ಬೀಳುತ್ತಿತ್ತು. ಅವಳ ಪುಟ್ಟ ಕೈಗೆ ರಟ್ಟು ಕಟ್ಟಿ ಸೂಜಿ ಚುಚ್ಚಿದ್ದರು. ಆ ಕೈಯನ್ನು ನೋಡುತ್ತಾ ಕೂತಿದ್ದೆ. ಬಟ್ಟಲಿನ ಗಂಜಿ ಆರಿ ಮೇಲೆ ಕೆನೆ ಕಟ್ಟಿತು.

ಬಹಳ ಹೊತ್ತಿನ ಮೇಲೆ ಅದು ನನ್ನ ಬಾಯಿಂದ ಬಂತು. ಯೋಚಿಸಿ ಹೇಳಿದ್ದಲ್ಲ.

"ಎಲ್ಲಾ ಗೂಡೂ ಬೇಯ್ಸಲ್ಲ ಮಗ."

ಅವಳು ಅಲುಗಾಡಲಿಲ್ಲ. ಆದರೆ ಕೇಳಿಸಿಕೊಂಡಳು ಎಂದು ಗೊತ್ತಾಯಿತು.

"ನಮ್ಮಪ್ಪನ ಮನೆ ಮಾಗಡಿ ಕಡೆ ಅಲ್ವಾ? ಅಲ್ಲಿ ಬೆಳೆಯೋದು ಬಿತ್ತನೆ ಗೂಡು. ರಾಮನಗರದ ಮಾರ್ಕೆಟ್ಟಿಗೆ ಹೋಗೋದೇ ಇಲ್ಲ. ಮೊಟ್ಟೆ ಮಾಡೋ ಕಡೆ ತಗೊಂಡೋಯ್ತಾರೆ. ಬೇಯ್ಸಲ್ಲ. ಗೂಡು ತೂತು ಮಾಡ್ಕೊಂಡು ಚಿಟ್ಟೆ ಈಚೆಗ್ ಬತ್ತದೆ. ನಾನು ಚಿಕ್ಕೋಳಿದ್ದಾಗ ಕಣ್ಣಾರೆ ಕಂಡಿದೀನಿ. ಬೆಳ್ಳಗಿರ್ತದೆ."

ಇದು ಸುಳ್ಳಲ್ಲ. ಮಾಗಡಿ ಸೀಮೆಯಲ್ಲಿ ಶುದ್ಧ ಮೈಸೂರು ತಳಿಯನ್ನು ಬೀಜಕ್ಕೆಂದೇ ಬೆಳೆಯುತ್ತಾರೆ. ಆ ತಳಿಯ ಹೆಣ್ಣು ಚಿಟ್ಟೆಗೆ ಬೇರೆ ತಳಿಯ ಗಂಡು ಸೇರಿಸಿ ತೆಗೆದ ಮೊಟ್ಟೆಯೇ ನಮ್ಮಂಥವರ ಮನೆಗೆ ಬರುವುದು. ಅದಕ್ಕೆ ಕ್ರಾಸ್ ಬ್ರೀಡ್ ಎನ್ನುತ್ತಾರೆ. ಬೇಯುವುದು ಆ ಗೂಡು.

ಅವಳು ನಿಧಾನವಾಗಿ ನನ್ನ ಕಡೆ ತಿರುಗಿದಳು.

"ನಾನು ಮಾಗಡಿಯೋಳಾ?"

"ನನ್ನ ಮೊಮ್ಮಗಳಲ್ವಾ. ನಿಮ್ಮಮ್ಮ ಯಾರು? ನಮ್ಮಣ್ಣನ ಮಗಳು. ಅವಳೂ ಮಾಗಡಿಯೋಳೇಯ."

"ಅಪ್ಪ?"

"ನಿಮ್ಮಪ್ಪ ನನ್ನ ಹೊಟ್ಟೇಲಿ ಹುಟ್ಟಿದೋನು."

ಅವಳು ಹುಬ್ಬು ಗಂಟಿಕ್ಕಿ ಯೋಚಿಸಿದಳು. ನನಗೆ ಮುಂದೆ ಏನು ಕೇಳುತ್ತಾಳೆಂದು ಗೊತ್ತಾಗಿಬಿಟ್ಟಿತ್ತು.

"ತಾತ ಇಲ್ಲಿಯೋರು ಅಲ್ವಾ? ಹಂಗಾದ್ರೆ ಅಪ್ಪ ಕ್ರಾಸ್ ಬ್ರೀಡು. ನಾನೂ ಕ್ರಾಸ್ ಬ್ರೀಡು."

ನಿಮ್ಮ ತಾತನನ್ನು ನೀವು ಯಾರೂ ಕಂಡವರಲ್ಲ. ಅವರು ಇದೇ ಊರಿನಲ್ಲಿ ಹುಟ್ಟಿ, ಇದೇ ತೋಟದಲ್ಲಿ ಮಣ್ಣಾದವರು. ಊರು ಬಿಟ್ಟು ಒಂದು ರಾತ್ರಿ ಬೇರೆ ಕಡೆ ಮಲಗಿದರೆ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದರು. ನಮ್ಮಪ್ಪನ ಮನೆಗೆ ಬಂದರೂ ಊಟ ಮುಗಿಸಿ ಹೊರಟುಬಿಡುತ್ತಿದ್ದರು. ನಮ್ಮ ಮಾಗಡಿಯ ನೀರು ಸಪ್ಪೆ, ಇಲ್ಲಿಯ ನೀರಿನ ರುಚಿ ಅಲ್ಲಿಲ್ಲ ಎಂದು ನನ್ನನ್ನು ಗೋಳು ಹೊಯ್ದುಕೊಂಡವರು.

"ತಾತನೂ ಮಾಗಡಿಯೋರೇ" ಎಂದೆ.

"ನಿಜ್ವಾಗ್ಲೂ?"

"ಹೂ. ಚಿಕ್ಕೋರಿದ್ದಾಗ ಬಂದು ಇಲ್ಲಿ ಸೇರ್ಕೊಂಡ್ರು."

"ಅಪ್ಪಂಗೆ ಗೊತ್ತಾ?"

"ಅವನಿಗ್ಯಾಕೆ ಗೊತ್ತಿರ್ತದೆ, ಅವನಿನ್ನೂ ಹುಟ್ಟಿರ್ಲಿಲ್ಲ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕಣ್ಣು ತಪ್ಪಿಸದೆ ಕೂತೆ. ಅಷ್ಟು ಹೊತ್ತು ಯಾರ ಕಣ್ಣನ್ನೂ ನೇರ ನೋಡಿದ ಅಭ್ಯಾಸ ನನಗಿಲ್ಲ. ಆಮೇಲೆ ಅವಳು ಉಸಿರು ಬಿಟ್ಟಳು. ಪೂರ್ತಿ ಒಳಗಿನಿಂದ ಬಂದ ಉಸಿರು. "ಹಂಗಾದ್ರೆ ನಾವೆಲ್ಲ ಬಿತ್ತನೆ" ಎಂದಳು.

ಗಂಜಿಯ ಮೇಲಿನ ಕೆನೆ ಸರಿಸಿ ಚಮಚದಲ್ಲಿ ಎತ್ತಿದೆ. ಬಾಯಿ ತೆರೆದಳು. ನುಂಗಲು ಕಷ್ಟವಾಯಿತು, ಕಣ್ಣಲ್ಲಿ ನೀರು ಬಂತು, ಆದರೂ ನುಂಗಿದಳು. ಇನ್ನೊಂದು ಕೊಟ್ಟೆ. ಬಾಗಿಲ ಹತ್ತಿರ ಹೋಗುತ್ತಿದ್ದ ನರ್ಸ್ ನಿಂತು ನೋಡಿ ಹೆಬ್ಬೆರಳು ಎತ್ತಿ ತೋರಿಸಿದಳು. ಅವಳ ಅಂಗಿಯ ಮೇಲೆ ಚೆಲ್ಲಿದ ಗಂಜಿಯನ್ನು ನಾನು ಸೆರಗಿನಿಂದ ಒರೆಸಿದೆ.

"ಅಜ್ಜಿ, ಚಿಟ್ಟೆ ಆದ್ಮೇಲೆ ಏನ್ ತಿನ್ತದೆ?"

ಚಿಟ್ಟೆ ಏನೂ ತಿನ್ನುವುದಿಲ್ಲ. ಅದಕ್ಕೆ ತಿನ್ನುವ ಬಾಯಿಯೇ ಇಲ್ಲ. ರೆಕ್ಕೆ ಇದ್ದರೂ ಹಾರುವುದಿಲ್ಲ. ಇದ್ದಷ್ಟು ದಿನ ಮೊಟ್ಟೆ ಇಟ್ಟು ಒಣಗಿಹೋಗುತ್ತದೆ. ಮೊಟ್ಟೆಗೆ ರೋಗ ತಗುಲಿದೆಯೋ ಎಂದು ನೋಡಲು ಆ ತಾಯಿಯನ್ನು ಅರೆದು, ದೊಡ್ಡದಾಗಿ ಕಾಣಿಸುವ ಗಾಜಿನ ಕೆಳಗೆ ಇಡುತ್ತಾರೆ. ಇದನ್ನೂ ಚಿಕ್ಕವಳಿದ್ದಾಗ ಕಣ್ಣಾರೆ ಕಂಡಿದ್ದೇನೆ. ಚಮಚ ಬಟ್ಟಲಿನಲ್ಲಿ ನಿಂತಿತ್ತು. ಅವಳು ಬಾಯಿ ಮುಚ್ಚಿಕೊಂಡು ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

"ಗಂಜಿ" ಎಂದೆ.

ನಂಬಿದಳೋ ಇಲ್ಲವೋ ತಿಳಿಯದು. ಬಟ್ಟಲಿನ ಕಡೆ ನೋಡಿದಳು. ಆಮೇಲೆ, "ಒಸಿ ಉಪ್ಪು ಹಾಕು" ಎಂದಳು.